ಅಂಟು, ನಂಟು, ತಾನು

ಗಡಿಗೆ ಬಟ್ಟೆಯಲ್ಲ ಎಂದು ತಿಳಿಯಬೇಕಾದರೆ ಮೊದಲು ಗಡಿಗೆಯನ್ನೂ ಬಟ್ಟೆಯನ್ನೂ ಬೇರೆ ಬೇರೆಯಾಗಿ ಕಂಡಿರಬೇಕು. ಬೇರೆ ಬೇರೆಯಾಗಿ ಕಾಣಬೇಕಾದರೆ ಅವೆರಡರ ನಡುವಿನ ಭೇದ ಮೊದಲೇ ಗೊತ್ತಿರಬೇಕು. ಇದು ಅದಕ್ಕೆ ಒರಗಿದೆ, ಅದು ಇದಕ್ಕೆ ಒರಗಿದೆ. ಎರಡರಲ್ಲಿ ಯಾವುದರ ಕಾಲೂ ನೆಲ ಮುಟ್ಟಿಲ್ಲ. ನಮ್ಮ ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎಂದು ಕರೆದರು. ಭೇದವನ್ನು ಪ್ರತ್ಯಕ್ಷ ತೋರಿಸಿಕೊಡಲಾರದು ಎಂದು ಮಂಡನಮಿಶ್ರರು ‘ಬ್ರಹ್ಮಸಿದ್ಧಿ’ಯಲ್ಲಿ ವಾದಿಸಿದರು, ಶ್ರೀಹರ್ಷರು ‘ಖಂಡನಖಂಡಖಾದ್ಯ’ದಲ್ಲಿ ಅದೇ ಅಲಗನ್ನು ಇನ್ನಷ್ಟು ಮಸೆದರು. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು 13ನೇ ಶತಮಾನದಲ್ಲಿ ‘ವಿಷ್ಣುತತ್ತ್ವವಿನಿರ್ಣಯ’ದಲ್ಲಿ ಕೊಟ್ಟ ಉತ್ತರ ನೇರವಾದದ್ದು: ಭೇದ ಹೊರಗಿನಿಂದ ಬಂದು ವಸ್ತುವಿಗೆ ಸೇರಿಕೊಂಡ ಗುಣವಲ್ಲ, ಅದು ವಸ್ತುವಿನ ಸ್ವರೂಪವೇ, ವಸ್ತುವನ್ನು ಕಂಡ ಕ್ಷಣದಲ್ಲೇ ಅದರ ಬೇರೆತನವನ್ನೂ ಕಂಡಿರುತ್ತೇವೆ. ಒಂದು ಪಕ್ಷಕ್ಕೆ ತಾನು-ಅನ್ಯ ಎಂಬ ಗೆರೆ ಕೊನೆಗೆ ನಿಲ್ಲದ್ದು, ಇನ್ನೊಂದಕ್ಕೆ ಅದು ಮೊದಲಿನಿಂದ ಇರುವಂಥದ್ದು. ಮುಗಿಯದ ಈ ವಾದಕ್ಕೆ ಹೊಸ ಸಾಕ್ಷಿಯೊಂದನ್ನು ಕರೆಯಬಹುದು ಎಂದು ನನಗೆ ಅನಿಸುತ್ತದೆ. ಆ ಸಾಕ್ಷಿ ನಮ್ಮ ಎದೆಮೂಳೆಯ ಹಿಂದೆ, ಹೃದಯಕ್ಕೆ ತುಸು ಮೇಲೆ ಕೂತಿರುವ ಥೈಮಸ್ ಗ್ರಂಥಿ.

ಮಕ್ಕಳಲ್ಲಿ ದೊಡ್ಡದಾಗಿದ್ದು ಹರೆಯ ದಾಟಿದ ಮೇಲೆ ಕುಗ್ಗುತ್ತ ಕೊಬ್ಬಿಗೆ ಜಾಗ ಬಿಟ್ಟುಕೊಡುವ ಈ ಗ್ರಂಥಿಗೆ ಬಹುಕಾಲ ಯಾರೂ ಬೆಲೆ ಕೊಡಲಿಲ್ಲ. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಆಗತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳು ಸೋಂಕುಗಳಿಗೆ ಸುಲಭವಾಗಿ ತುತ್ತಾದವು. ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೆ ಅದನ್ನು ತಳ್ಳಿಹಾಕಲಿಲ್ಲ. ಪರರನ್ನು ಪರರೆಂದು ಗುರುತಿಸುವ ಶಕ್ತಿಯೇ ಅವುಗಳಲ್ಲಿ ಬೆಳೆದಿರಲಿಲ್ಲ. ಅಷ್ಟಾದರೂ ಕಸಿಯ ವಿಜ್ಞಾನಕ್ಕೆ ಬುನಾದಿ ಹಾಕಿದ ಪೀಟರ್ ಮೆಡಾವರ್‌ರಂಥವರೇ 1963ರಲ್ಲಿ, ಥೈಮಸ್ಸಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇರುವುದು ವಿಕಾಸದ ಒಂದು ಆಕಸ್ಮಿಕ, ಅದಕ್ಕೆ ದೊಡ್ಡ ಅರ್ಥವೇನಿಲ್ಲ ಎಂಬ ನಿಲುವಿನಲ್ಲಿದ್ದರು. ಇಂದು ಆ ಗ್ರಂಥಿಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವನ್ನೇ ಹೊತ್ತ ಟಿ ಜೀವಕೋಶಗಳು ಅಲ್ಲಿ ತಯಾರಾಗುತ್ತವೆಂದು ಶಾಲೆಯ ಪಠ್ಯಪುಸ್ತಕವೂ ಹೇಳುತ್ತದೆ. ದೇಹದ ನಿರೋಧಕ ವ್ಯವಸ್ಥೆಯ ಕೆಲಸವನ್ನು ವಿವರಿಸಲು ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಬಳಕೆಗೆ ತಂದ ಮಾತು ‘ತಾನು’ ಮತ್ತು ‘ತಾನಲ್ಲದ್ದು’. ಇದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಪದವಲ್ಲ, ತತ್ತ್ವಶಾಸ್ತ್ರದ ಮನೆಯಿಂದ ಎರವಲು ತಂದದ್ದು. ಆದ್ದರಿಂದ ಕೊಟ್ಟ ಪದಕ್ಕೆ ಅಲ್ಲಿ ಏನಾಯಿತು ಎಂದು ಕೇಳುವ ಹಕ್ಕು ತತ್ತ್ವಶಾಸ್ತ್ರಕ್ಕಿದೆ.

ಬರ್ನೆಟ್‌ರ ಯೋಚನೆಗೆ ಇಂಬು ಕೊಟ್ಟದ್ದು ಹಸುಗಳು. 1945ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವನ್ ಅವಳಿ ಕರುಗಳ ರಕ್ತವನ್ನು ಪರೀಕ್ಷಿಸಿದಾಗ, ತಾಯ ಗರ್ಭದಲ್ಲಿ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿದ್ದ ಅವಳಿಗಳಲ್ಲಿ ಪ್ರತಿಯೊಂದರ ಮೈಯಲ್ಲೂ ಇನ್ನೊಂದರ ರಕ್ತಕಣಗಳು ಬದುಕಿದ್ದವು. ಅವು ಒಂದೇ ಭ್ರೂಣ ಸೀಳಿ ಹುಟ್ಟಿದ ಅವಳಿಗಳಲ್ಲ; ಅವುಗಳ ರಕ್ತದ ಗುಂಪುಗಳೇ ಬೇರೆ. ಆದರೂ ದೊಡ್ಡದಾದ ಮೇಲೂ ಆ ಕರುಗಳು ಒಡಹುಟ್ಟಿನ ರಕ್ತವನ್ನು ಪರಕೀಯವೆಂದು ಎಣಿಸಲಿಲ್ಲ. ವಂಶವಾಹಿಯ ಲೆಕ್ಕದಲ್ಲಿ ಅನ್ಯವಾದದ್ದು, ಗರ್ಭದಲ್ಲಿ ಜೊತೆಗಿದ್ದುದರಿಂದ ತನ್ನದಾಯಿತು. ತಾನು ಎಂಬುದು ಮೊದಲೇ ಬರೆದಿಟ್ಟ ಪಟ್ಟಿಯಲ್ಲ ಎಂಬ ಸೂಚನೆ ಇಲ್ಲಿಯೇ ಸಿಕ್ಕಿತ್ತು. ಅದು ಹೇಗೆ ಬರೆಯಲ್ಪಡುತ್ತದೆ ಎಂಬುದು ತಿಳಿಯಲು ಇನ್ನೂ ಹಲವು ದಶಕ ಬೇಕಾದವು.

ಥೈಮಸ್ಸಿನ ಮುಂದಿರುವ ತೊಡಕು ನಮ್ಮ ತಾರ್ಕಿಕರ ತೊಡಕೇ. ಪ್ರತಿ ಟಿ ಕೋಶವೂ ಪರರನ್ನು ಹಿಡಿಯುವ ತನ್ನ ಮೈಮೇಲಿನ ಗ್ರಾಹಕವನ್ನು ಜೀನ್‌ಗಳ ತುಣುಕುಗಳನ್ನು ಕಲಸಿ ಜೋಡಿಸಿ, ಬಹುಪಾಲು ಯಾದೃಚ್ಛಿಕವಾಗಿ ಕಟ್ಟಿಕೊಳ್ಳುತ್ತದೆ. ಆ ಗ್ರಾಹಕ ಏನನ್ನು ಹಿಡಿದೀತು ಎಂದು ಕೋಶಕ್ಕೂ ಗೊತ್ತಿಲ್ಲ, ದೇಹಕ್ಕೂ ಗೊತ್ತಿಲ್ಲ. ಇದು ದೇಹವನ್ನೇ ಕಚ್ಚೀತೋ ರೋಗಾಣುವನ್ನು ಹಿಡಿದೀತೋ ಎಂದು ಹೇಳಬೇಕಾದರೆ ದೇಹ ಯಾವುದು ಎಂದು ಮೊದಲು ಗೊತ್ತಿರಬೇಕು. ಅದನ್ನು ಹೇಳಲು ಅಲ್ಲಿ ಯಾವ ಅಧಿಕಾರಿಯೂ ಕೂತಿಲ್ಲ, ಯಾವ ನಕಾಶೆಯೂ ತೂಗುಹಾಕಿಲ್ಲ. ಇರುವುದು ಒಂದೇ ಸಾಧನ, ಮುಟ್ಟುವುದು. ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಪೂರ್ವಜ ಕೋಶ ರಕ್ತದಲ್ಲಿ ತೇಲಿಕೊಂಡು ಬಂದು ಥೈಮಸ್ಸಿನ ಕಿರುನಾಳದ ಒಳಗೋಡೆಗೆ ತಾಗುತ್ತದೆ. ಅಲ್ಲಿ ಸೆಲೆಕ್ಟಿನ್ ಎಂಬ ಅಂಟು ಅಣು ಅದನ್ನು ಸಡಿಲವಾಗಿ ಹಿಡಿಯುತ್ತದೆ. ಕೋಶ ಉರುಳುತ್ತ ನಿಧಾನವಾಗುತ್ತದೆ. ಆಮೇಲೆ ಇಂಟಿಗ್ರಿನ್ ಎಂಬ ಬೇರೆ ಅಂಟು ಅಣುಗಳು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತವೆ, ಕೋಶ ಗೋಡೆ ದಾಟಿ ಒಳಗೆ ಬರುತ್ತದೆ. ಬಂದಾಗ ಅದು ಇನ್ನೂ ಟಿ ಕೋಶವಲ್ಲ. ಅದು ಟಿ ಕೋಶವಾಗುವುದು ಥೈಮಸ್ಸಿನ ಹಂದರ ಕಟ್ಟುವ ಎಪಿಥೀಲಿಯಲ್ ಕೋಶಗಳ ಮೈಮೇಲಿರುವ ಒಂದು ಅಣು ಇದರ ಮೈಮೇಲಿನ ನಾಚ್ ಎಂಬ ಗ್ರಾಹಕವನ್ನು ಹಿಡಿದು ಎಳೆದಾಗ. ಎಳೆದಾಗ ಎಂಬ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ: ಆ ಎಳೆತದ ಬಲಕ್ಕೆ ನಾಚ್‌ನ ಮಡಿಕೆ ಬಿಚ್ಚಿಕೊಂಡು, ಅದರ ಒಳತುಂಡು ಕತ್ತರಿಸಿಹೋಗಿ, ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಇಲಿಗಳಲ್ಲಿ ಈ ಸ್ಪರ್ಶವನ್ನು ತಪ್ಪಿಸಿದರೆ ಅದೇ ಪೂರ್ವಜ ಕೋಶಗಳಿಂದ ಥೈಮಸ್ಸಿನೊಳಗೇ ಬಿ ಕೋಶ ಎಂಬ ಬೇರೆ ಬಗೆಯ ಕೋಶಗಳು ಹುಟ್ಟುತ್ತವೆ. ಇದಕ್ಕೆ ತದ್ವಿರುದ್ಧವಾಗಿ, 2002ರಲ್ಲಿ ಟೊರಾಂಟೊದ ಸಂಶೋಧಕರು ಥೈಮಸ್ಸೇ ಇಲ್ಲದೆ, ಈ ಹಿಡಿದೆಳೆಯುವ ಅಣುವನ್ನು ಹೊತ್ತ ಬೇರೆ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಹರಡಿ, ಅವುಗಳ ಮೇಲೆ ಪೂರ್ವಜ ಕೋಶಗಳನ್ನು ಬಿಟ್ಟು ಟಿ ಕೋಶಗಳನ್ನು ಬೆಳೆಸಿ ತೋರಿಸಿದರು.

ಮುಂದಿನ ಹಂತವೇ ನನ್ನ ವಾದಕ್ಕೆ ತಿರುಳು. ಗ್ರಾಹಕ ಕಟ್ಟಿಕೊಂಡ ಎಳೆಯ ಕೋಶ ಥೈಮಸ್ಸಿನ ಹೊರಭಾಗದಲ್ಲಿ ಒಂದು ಎಪಿಥೀಲಿಯಲ್ ಕೋಶದಿಂದ ಇನ್ನೊಂದಕ್ಕೆ ತಡವುತ್ತ ಹೋಗುತ್ತದೆ. ಆ ಕೋಶಗಳು ದೇಹದ್ದೇ ಪ್ರೋಟೀನುಗಳ ಚೂರುಗಳನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿದು ತೋರಿಸುತ್ತಿರುತ್ತವೆ. ಗ್ರಾಹಕಕ್ಕೂ ಆ ಚೂರಿಗೂ ಇರುವ ಹಿಡಿತ ಬಹಳ ದುರ್ಬಲ, ಕೆಲವೇ ಕ್ಷಣದ್ದು. ಎರಡು ಮೈಗಳನ್ನು ಒತ್ತಾಗಿ ಹಿಡಿದು ಅಷ್ಟು ಹೊತ್ತು ಸಿಗುವಂತೆ ಮಾಡುವುದು ಸುತ್ತಲಿನ ಅಂಟು ಅಣುಗಳು. ಯಾವ ಚೂರನ್ನೂ ಹಿಡಿಯಲಾಗದ ಕೋಶ ಮೂರು-ನಾಲ್ಕು ದಿನಗಳಲ್ಲಿ ಸಾಯುತ್ತದೆ. ಯಾರೂ ಕೊಲ್ಲುವುದಿಲ್ಲ, ಯಾರೂ ಮುಟ್ಟಲಿಲ್ಲವೆಂದು ಸಾಯುತ್ತದೆ. ವಿಜ್ಞಾನಿಗಳೇ ಇದಕ್ಕೆ ಉಪೇಕ್ಷೆಯಿಂದಾಗುವ ಸಾವು ಎಂದು ಹೆಸರಿಟ್ಟಿದ್ದಾರೆ. ತನ್ನದರ ಚೂರನ್ನು ಅತಿ ಬಿಗಿಯಾಗಿ ಹಿಡಿದ ಕೋಶವೂ ಸಾಯುತ್ತದೆ, ಏಕೆಂದರೆ ಅದು ನಾಳೆ ದೇಹವನ್ನೇ ಸುಟ್ಟೀತು. ಮೆಲ್ಲಗೆ ಹಿಡಿದು ಬಿಡಬಲ್ಲದ್ದು ಮಾತ್ರ ಉಳಿಯುತ್ತದೆ. ಥೈಮಸ್ಸಿನಲ್ಲಿ ಹುಟ್ಟುವ ಕೋಶಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಹೊರಬರುವುದೇ ಇಲ್ಲ. ಉಳಿದವು ಒಳಭಾಗಕ್ಕೆ ಸರಿಯುತ್ತವೆ. ಅಲ್ಲಿ ಏರ್ ಎಂಬ ಜೀನ್‌ನ ನೆರವಿನಿಂದ ಎಪಿಥೀಲಿಯಲ್ ಕೋಶಗಳು ಥೈಮಸ್ಸಿಗೆ ಸಂಬಂಧವೇ ಇಲ್ಲದ ಪ್ರೋಟೀನುಗಳನ್ನು, ಉದಾಹರಣೆಗೆ ಮೇದೋಜೀರಕ ಗ್ರಂಥಿಯ ಇನ್ಸುಲಿನ್ನನ್ನು, ಚೂರು ಚೂರಾಗಿ ತಯಾರಿಸಿ ತೋರಿಸುತ್ತವೆ. ಇಡೀ ದೇಹ ಅಲ್ಲಿ ಕಿರುರೂಪದಲ್ಲಿ ಮುಟ್ಟಲು ಸಿಗುತ್ತದೆ. ಗಮನಿಸಬೇಕಾದದ್ದು ಇದು: ಈ ಇಡೀ ಶಿಕ್ಷಣದಲ್ಲಿ ಅನ್ಯ ಎಂಬುದು ಹಾಜರಿಲ್ಲ. ಮುಂದೆ ರೋಗಾಣುವನ್ನು ಗುರುತಿಸಬೇಕಾದ ಕೋಶ ರೋಗಾಣುವನ್ನು ನೋಡಿ ಕಲಿಯುವುದಿಲ್ಲ; ತನ್ನವರನ್ನು ಹದವಾಗಿ ಮುಟ್ಟಿ ಕಲಿಯುತ್ತದೆ.

ಹಾಗಾದರೆ ಕಲಿಸುವ ಎಪಿಥೀಲಿಯಲ್ ಕೋಶ ತಾನೇ ಎಲ್ಲಿ ಕಲಿಯಿತು? ಅನ್ಯೋನ್ಯಾಶ್ರಯದ ಪ್ರಶ್ನೆ ಮತ್ತೆ ಬಾಗಿಲಿಗೆ ಬಂದಿತು. ಇದಕ್ಕೆ ಸಿಕ್ಕಿರುವ ಉತ್ತರ ನನ್ನನ್ನು ಬೆರಗುಗೊಳಿಸಿದೆ. ಟಿ ಕೋಶಗಳ ಬೆಳವಣಿಗೆ ಮೊದಲ ಮೆಟ್ಟಿಲಲ್ಲೇ ನಿಂತುಹೋದ ಇಲಿಗಳಲ್ಲಿ ಥೈಮಸ್ಸಿನ ಎಪಿಥೀಲಿಯಲ್ ಹಂದರವೂ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಏರ್ ಜೀನನ್ನು ಬಳಸುವ ಒಳಭಾಗದ ಕೋಶಗಳು ಪಕ್ವವಾಗಲು, ಅವುಗಳಿಂದ ಕಲಿಯಲು ಬಂದ ಎಳೆಯ ಟಿ ಕೋಶಗಳೇ ತಮ್ಮ ಮೈಮೇಲಿನ ಅಣುಗಳಿಂದ ಅವನ್ನು ಮುಟ್ಟಿ ಎಚ್ಚರಿಸಬೇಕು. ಶಿಷ್ಯ ಮುಟ್ಟದೆ ಗುರು ಗುರುವಾಗುವುದಿಲ್ಲ. ಮಗನನ್ನು ತಂದೆ ಹುಟ್ಟಿಸುತ್ತಾನೆ, ಆದರೆ ಮಗನಿಂದಲೇ ಅವನು ತಂದೆಯಾಗುತ್ತಾನೆ ಎಂಬ ಉದಾಹರಣೆಯನ್ನು ನಾಗಾರ್ಜುನರು ‘ವಿಗ್ರಹವ್ಯಾವರ್ತನಿ’ಯಲ್ಲಿ ಎತ್ತಿಕೊಂಡು, ಇಬ್ಬರಲ್ಲಿ ಯಾರಿಗೂ ಸ್ವಭಾವ ಎಂಬುದಿಲ್ಲ ಎಂದು ತೋರಿಸಲು ಬಳಸಿದರು. ಥೈಮಸ್ಸಿನಲ್ಲಿ ಅದೇ ಪರಸ್ಪರ ಅವಲಂಬನೆ ಇದೆ, ಆದರೆ ಅದು ಶೂನ್ಯಕ್ಕೆ ಒಯ್ಯುವುದಿಲ್ಲ, ಒಂದು ಅಂಗವನ್ನು ಕಟ್ಟುತ್ತದೆ. ಅನ್ಯೋನ್ಯಾಶ್ರಯ ದೋಷವಾಗುವುದು ಎರಡೂ ಪಕ್ಷಗಳು ಸಿದ್ಧವಾಗಿ ಮುಗಿದಿರಲೇಬೇಕು ಎಂಬ ನಿಬಂಧನೆ ಹಾಕಿದಾಗ ಮಾತ್ರ. ಎರಡೂ ಅರೆಬರೆಯಾಗಿ ಹೊರಟು ಒಂದನ್ನೊಂದು ಸ್ವಲ್ಪ ಸ್ವಲ್ಪವೇ ಗಟ್ಟಿಗೊಳಿಸುತ್ತ ಹೋದರೆ ಅದು ದೋಷವಲ್ಲ, ಬೆಳವಣಿಗೆ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ ಎಂಬ ಬೀಜಾಂಕುರ ನ್ಯಾಯದಲ್ಲಿ ನಮ್ಮವರು ಇದರ ಹತ್ತಿರ ಬಂದಿದ್ದರು. ಅಲ್ಲಿ ಸರದಿ ಒಂದಾದ ಮೇಲೊಂದು, ಇಲ್ಲಿ ಎರಡೂ ಏಕಕಾಲಕ್ಕೆ. ತಾನು-ಅನ್ಯ ಎಂಬ ಭೇದ ವಸ್ತುವಿನ ಹುಟ್ಟುಸ್ವರೂಪವೂ ಅಲ್ಲ, ಬರೀ ತೋರಿಕೆಯೂ ಅಲ್ಲ. ಅದು ಸ್ಪರ್ಶದಿಂದ ಸಾಧಿತವಾದದ್ದು, ಸಾಧಿತವಾದ ಮೇಲೆ ನಿಜವಾದದ್ದು ಎಂಬುದೇ ನನ್ನ ಪಕ್ಷ.

ಇದಕ್ಕೆ ಅತ್ಯಂತ ಬಲವಾದ ಆಕ್ಷೇಪ ವೈಶೇಷಿಕರ ಕಡೆಯಿಂದ ಬರುತ್ತದೆ. ಅವರ ಲೆಕ್ಕದಲ್ಲಿ ಸಂಯೋಗ ಎಂದರೆ ಮೊದಲೇ ಬೇರೆ ಬೇರೆಯಾಗಿದ್ದ ಎರಡು ದ್ರವ್ಯಗಳು ಕೂಡುವುದು. ಸಂಯೋಗ ದ್ರವ್ಯಗಳನ್ನು ಆಶ್ರಯಿಸುತ್ತದೆಯೇ ಹೊರತು ದ್ರವ್ಯದ ಸ್ವರೂಪವನ್ನು ನಿರ್ಮಿಸುವುದಿಲ್ಲ. ಥೈಮಸ್ಸಿನಲ್ಲೂ ಆಗುವುದು ಅಷ್ಟೇ ತಾನೇ ಎಂದು ಅವರು ಕೇಳಬಹುದು. ಗ್ರಾಹಕ ಕೋಶದ ಒಳಗಡೆಯೇ, ಅದರದ್ದೇ ಜೀನ್‌ಗಳಿಂದ ರೂಪುಗೊಂಡಿತು. ಸ್ಪರ್ಶ ಬರೀ ಜರಡಿ ಹಿಡಿಯಿತು, ಕೆಲವನ್ನು ಉಳಿಸಿತು, ಕೆಲವನ್ನು ಚೆಲ್ಲಿತು. ಜರಡಿ ಕಾಳನ್ನು ಮಾಡುವುದಿಲ್ಲ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯಾದೃಚ್ಛಿಕತೆ ಕೋಶದ ಒಳಗಿನದು ಎಂಬುದನ್ನು ಒಪ್ಪಲೇಬೇಕು. ಆದರೆ ಜರಡಿಯ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಜೀನ್ ತುಣುಕುಗಳನ್ನು ಕಲಸುವ ಕೆಲಸ ಶುರುವಾಗಲು ನಾಚ್‌ನ ಸ್ಪರ್ಶ ಬೇಕು. ಗ್ರಾಹಕದ ಆಲ್ಫಾ ಸರಪಳಿಯನ್ನು ಕೋಶ ಒಂದೇ ಸಲ ಕಟ್ಟಿ ಮುಗಿಸುವುದಿಲ್ಲ. ಹೊಂದುವ ಹಿಡಿತ ಸಿಗುವ ತನಕ ಅಥವಾ ಆಯುಷ್ಯ ಮುಗಿಯುವ ತನಕ ಮತ್ತೆ ಮತ್ತೆ ಕಲಸಿ ನೋಡುತ್ತಿರುತ್ತದೆ, ಸರಿಯಾದ ಸ್ಪರ್ಶ ಸಿಕ್ಕಾಗ ನಿಲ್ಲಿಸುತ್ತದೆ. ಸಹಾಯಕ ಟಿ ಕೋಶವಾಗುವುದೋ ಕೊಲ್ಲುವ ಟಿ ಕೋಶವಾಗುವುದೋ ಎಂಬ ಜಾತಿನಿರ್ಣಯವೂ, ಇಂದು ಹೆಚ್ಚಿನ ಸಂಶೋಧಕರು ಒಪ್ಪುವ ವಿವರಣೆಯಂತೆ, ಆ ಸ್ಪರ್ಶದ ಸಂದೇಶ ನಡುವೆ ಕಡಿಯದೆ ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಅವಲಂಬಿಸಿದೆ. ಇಲ್ಲಿ ಜರಡಿ ಕಾಳನ್ನು ಆರಿಸುತ್ತಿಲ್ಲ. ಬದಲಿಗೆ ಕುಂಬಾರನ ಕೈ ತಿರುಗುವ ಮಣ್ಣನ್ನು ಒತ್ತುತ್ತಿದೆ, ಮಣ್ಣಿಗೂ ಅದರದೇ ಒಂದು ಜಿಗುಟು ಇದೆ. ಸಂಬಂಧ ಒಂದೇ ಕೊಂಡಿಯ ಮೇಲೆ ನಿಂತಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬಿಳಿ ರಕ್ತಕಣಗಳ ಒಂದು ಮುಖ್ಯ ಇಂಟಿಗ್ರಿನ್ ಹುಟ್ಟಿನಿಂದಲೇ ಇಲ್ಲದ ಮಕ್ಕಳಿದ್ದಾರೆ. ಅವರ ಹೊಕ್ಕುಳಬಳ್ಳಿ ತಡವಾಗಿ ಉದುರುತ್ತದೆ, ಗಾಯದಲ್ಲಿ ಕೀವು ಕಟ್ಟುವುದಿಲ್ಲ, ಸೋಂಕುಗಳು ಬೆನ್ನುಹತ್ತುತ್ತವೆ. ಆದರೂ ಅವರ ಥೈಮಸ್ ಟಿ ಕೋಶಗಳನ್ನು ತಯಾರಿಸುತ್ತದೆ. ಒಂದು ಅಂಟು ತಪ್ಪಿದರೆ ಬೇರೆ ಅಂಟುಗಳು ಭಾರ ಹೊರುತ್ತವೆ.

ವೇದಾಂತದ ಕಡೆಯಿಂದ ಬರುವ ಆಕ್ಷೇಪ ಬೇರೆ ಬಗೆಯದು. ಆತ್ಮ ಎಂದರೆ ಸಾಕ್ಷಿ, ಅರಿವು. ಕಣ್ಣಿಗೆ ಕಾಣದ ಕೋಶಗಳ ಹಿಡಿದಾಟವನ್ನು ಅದರ ಹೆಸರಿನಲ್ಲಿ ಕರೆಯುವುದು ದೇಹಾತ್ಮ ಭ್ರಾಂತಿಯೇ ಅಲ್ಲವೇ ಎಂದು ಅದು ಕೇಳುತ್ತದೆ. ಆಕ್ಷೇಪ ನ್ಯಾಯವಾದದ್ದು, ನಾನು ಒಪ್ಪುತ್ತೇನೆ. ಥೈಮಸ್ ಸಾಕ್ಷಿಯ ಬಗ್ಗೆ ಏನನ್ನೂ ಹೇಳಲಾರದು, ಹೇಳಬಾರದು. ಆದರೆ ನಮ್ಮ ದರ್ಶನಗಳು ಸಾಕ್ಷಿಯನ್ನೂ ಅಹಂಕಾರವನ್ನೂ ಒಂದೇ ಎಂದು ಎಂದೂ ಹೇಳಲಿಲ್ಲ. ಸಾಂಖ್ಯರು ‘ನಾನು’ ಎಂಬುದನ್ನು ಮಾಡುವ ತತ್ತ್ವಕ್ಕೆ ಅಹಂಕಾರ ಎಂದು ಹೆಸರಿಟ್ಟು ಅದನ್ನು ಪ್ರಕೃತಿಯ ಕಡೆಗೆ ಸೇರಿಸಿದರು, ಪುರುಷನ ಕಡೆಗಲ್ಲ. ಅಹಂಕಾರ ಎಂಬ ಪದದಲ್ಲಿರುವ ಕಾರ ಎಂಬುದೇ ಮಾಡುವುದನ್ನು ಹೇಳುತ್ತದೆ. ಮಾಡಲ್ಪಟ್ಟ ಈ ನಾನುತನಕ್ಕೆ ದೇಹದಲ್ಲಿ ಒಂದು ಕಾರ್ಯಾಗಾರವಿದೆ, ಅಲ್ಲಿನ ಉಪಕರಣ ಅಂಟು ಎಂದಷ್ಟೇ ನಾನು ಹೇಳುತ್ತಿರುವುದು. ಕನ್ನಡದಲ್ಲಿ ಅಂಟು-ನಂಟು ಎಂದು ಜೊತೆಯಾಗಿಯೇ ಹೇಳುವ ರೂಢಿಯಿದೆ. ಅಂಟುವುದು ಬಂಧನ, ಅಂಟದಿರುವುದು ಮುಕ್ತಿ ಎಂದು ನಮ್ಮ ಅನೇಕ ಹಿರಿಯರು ಬೋಧಿಸಿದರು. ಆ ಬೋಧನೆಗೆ ಅದರ ಜಾಗವಿದೆ. ಆದರೆ ಅಂಟದೇ ಇದ್ದ ಕೋಶ ಥೈಮಸ್ಸಿನಲ್ಲಿ ಮುಕ್ತವಾಗುವುದಿಲ್ಲ, ಸಾಯುತ್ತದೆ. ಬಿಡಲಾರದಂತೆ ಅಂಟಿದ್ದೂ ಸಾಯುತ್ತದೆ.

ಮೂರನೆಯ ಆಕ್ಷೇಪ ನೈತಿಕವಾದದ್ದು, ಅದನ್ನು ನಾನೇ ಎತ್ತಬೇಕು. ನೂರಕ್ಕೆ 95 ಸಾಯುವ ಜಾಗದಿಂದ ಮನುಷ್ಯರಿಗೆ ಪಾಠ ಹುಡುಕುವುದು ಅಪಾಯ. ಕುಲ, ನಾಡು, ಧರ್ಮಗಳ ಹೆಸರಿನಲ್ಲಿ ಅನ್ಯರನ್ನು ರೋಗಾಣುಗಳಿಗೆ ಹೋಲಿಸಿ ಅಳಿಸಲು ಹೊರಟವರು ಕಳೆದ ಶತಮಾನದಲ್ಲಿ ಬೇಕಾದಷ್ಟು ಜನ ಇದ್ದರು. ಪ್ರಕೃತಿಯಲ್ಲಿ ಹೀಗಿದೆ ಎಂಬುದರಿಂದ ಹೀಗಿರಬೇಕು ಎಂಬುದು ಹೊರಡುವುದಿಲ್ಲ. ಥೈಮಸ್ಸಿನಿಂದ ಯಾವ ವಿಧಿ-ನಿಷೇಧವನ್ನೂ ನಾನು ತೆಗೆಯುವುದಿಲ್ಲ. ಆದರೆ ಸುಳ್ಳು ಸಾಕ್ಷಿಯನ್ನು ಕಟಕಟೆಯಿಂದ ಇಳಿಸುವ ಕೆಲಸವನ್ನಂತೂ ಮಾಡಬಹುದು. ಅಂಟುಮುಟ್ಟು ಎಂಬ ಮಾತಿನಲ್ಲಿ ಸ್ಪರ್ಶವನ್ನೇ ಮೈಲಿಗೆ ಮಾಡಿ, ಮುಟ್ಟದಿದ್ದರೆ ತಾನು ಶುದ್ಧವಾಗಿ ಉಳಿಯುತ್ತೇನೆ ಎಂದು ನಂಬಿದ ಸಮಾಜ ನಮ್ಮದು. ದೇಹವೇ ಹೀಗೆ ಗೆರೆ ಎಳೆದುಕೊಳ್ಳುತ್ತದೆ ಎಂದು ಆ ನಂಬಿಕೆಗೆ ಪ್ರಕೃತಿಯ ಬೆಂಬಲ ಹುಡುಕುವವರಿಗೆ ದೇಹದ ಕಡೆಯಿಂದ ಬೆಂಬಲವಿಲ್ಲ. ಥೈಮಸ್ಸಿನಲ್ಲಿ ಪ್ರಾಣ ಕಳೆದುಕೊಳ್ಳುವುದು ಹೊರಗಿನವನಲ್ಲ, ಯಾರನ್ನೂ ಮುಟ್ಟಲಾಗದವನು ಮತ್ತು ತನ್ನದನ್ನು ಅತಿಯಾಗಿ ಬಿಗಿಹಿಡಿದವನು. ಬಿಗಿಹಿಡಿದವರಲ್ಲೂ ಎಲ್ಲರಿಗೂ ಸಾವೇ ಗತಿಯಲ್ಲ: ತನ್ನದನ್ನು ಸಾಕಷ್ಟು ಬಿಗಿಯಾಗಿ ಹಿಡಿದ ಕೆಲವು ಕೋಶಗಳು ಉಳಿದುಕೊಂಡು, ಉಳಿದವರ ಉರಿಯನ್ನು ತಣಿಸುವ ನಿಯಂತ್ರಕ ಟಿ ಕೋಶಗಳಾಗುತ್ತವೆ. ಹುಟ್ಟಿದ ಮೂರನೆಯ ದಿನ ಥೈಮಸ್ ತೆಗೆದ ಇಲಿಮರಿಗಳಲ್ಲಿ ಅಂಡಾಶಯ ನಾಶವಾಗುವುದನ್ನು ಜಪಾನಿನ ನಿಶಿಜುಕ ಮತ್ತು ಸಕಾಕುರ 1969ರಲ್ಲಿ ವರದಿ ಮಾಡಿದ್ದರು. ಆ ಎಳೆ ಹಿಡಿದು ಹೊರಟ ಶಿಮೋನ್ ಸಕಾಗುಚಿ 1995ರಲ್ಲಿ ಈ ತಣಿಸುವ ಕೋಶಗಳನ್ನು ಗುರುತಿಸಿದರು. 2025ರ ವೈದ್ಯಕೀಯ ನೊಬೆಲ್ ಅವರಿಗೂ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಂದಿತು.

ಮಧ್ವಾಚಾರ್ಯರ ಮಾತನ್ನು ನಾನು ಅರ್ಧದಲ್ಲಿ ಬಿಟ್ಟಿದ್ದೇನೆ, ಅದಕ್ಕೆ ಸಲ್ಲಬೇಕಾದದ್ದು ಸಲ್ಲಬೇಕು. ಭೇದ ಕಟ್ಟಲ್ಪಟ್ಟದ್ದು ಎಂದ ಕೂಡಲೇ ಅದು ಕಲ್ಪಿತ, ಆದ್ದರಿಂದ ಮಿಥ್ಯೆ ಎಂದು ಹಾರುವುದು ಇಂದಿನ ಚಿಂತನೆಯಲ್ಲೂ ಸಾಮಾನ್ಯ. ಏರ್ ಜೀನ್ ಕೆಟ್ಟ ಮಕ್ಕಳನ್ನು ನೋಡಿದರೆ ಆ ಧೈರ್ಯ ಉಳಿಯುವುದಿಲ್ಲ. ಫಿನ್‌ಲ್ಯಾಂಡ್ ಮತ್ತು ಸಾರ್ಡಿನಿಯಾಗಳಲ್ಲಿ ಬೇರೆಡೆಗಿಂತ ಹೆಚ್ಚಾಗಿ ಕಾಣುವ ಈ ಕಾಯಿಲೆಯಲ್ಲಿ ಟಿ ಕೋಶಗಳು ದೇಹದ್ದೇ ಪ್ಯಾರಾಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳ ಮೇಲೆ ಬೀಳುತ್ತವೆ. ಮುಟ್ಟಿ ಕಲಿಯಬೇಕಾಗಿದ್ದೂ ಕಲಿಯದೆ ಹೋದ ಭೇದ ಇಷ್ಟು ಘೋರವಾದ ಫಲ ಕೊಡುವುದಾದರೆ, ಕಲಿತ ಭೇದ ಸತ್ಯವೇ ಆಗಿರಬೇಕು. ಭೇದ ಸತ್ಯ ಎಂಬಲ್ಲಿ ಆಚಾರ್ಯರ ಪಕ್ಷ ಗೆಲ್ಲುತ್ತದೆ. ಅದು ಅನಾದಿ ಎಂಬಲ್ಲಿ, ಕನಿಷ್ಠ ದೇಹದ ಮಟ್ಟಿಗೆ, ಗೆಲ್ಲುವುದಿಲ್ಲ. ಗೆರೆ ಎಲ್ಲಿ ಬೀಳುತ್ತದೆ ಎಂಬುದೂ ನಾವು ಎಣಿಸಿದಷ್ಟು ಸರಳವಲ್ಲ. ತಾನು-ಅನ್ಯ ಎಂಬುದಕ್ಕಿಂತ ಅಪಾಯ-ನಿರಪಾಯ ಎಂಬುದೇ ನಿರೋಧಕ ವ್ಯವಸ್ಥೆಯ ನಿಜವಾದ ಪ್ರಶ್ನೆ ಎಂದು ಪಾಲಿ ಮ್ಯಾಟ್ಜಿಂಗರ್ 1994ರಲ್ಲಿ ವಾದಿಸಿದರು. ಆ ವಾದ ಪೂರ್ತಿ ಗೆದ್ದಿಲ್ಲ, ಆದರೆ ಅದು ಕಾಣಿಸಿದ ಕಷ್ಟ ನಿಜ: ಕರುಳಿನ ಬ್ಯಾಕ್ಟೀರಿಯಾಗಳೊಂದಿಗೆ ನಾವು ಬಾಳುತ್ತೇವೆ, ಗಂಡುಮಗುವನ್ನು ಹೆತ್ತ ತಾಯ ರಕ್ತದಲ್ಲಿ ಆ ಮಗುವಿನ ಕೋಶಗಳು 27 ವರ್ಷಗಳ ನಂತರವೂ ಸಿಕ್ಕಿವೆ ಎಂದು 1996ರಲ್ಲಿ ಡಯಾನಾ ಬಿಯಾಂಕಿ ಮತ್ತು ಸಂಗಡಿಗರು ತೋರಿಸಿದರು.

ಈ ವಾದವನ್ನೆಲ್ಲ ಒಂದೇ ಹಾಸಿಗೆಯ ಮೇಲೆ ತಂದು ಮಲಗಿಸುವ ಚಿಕಿತ್ಸೆಯೊಂದಿದೆ. ಕೆಲವೇ ಕೆಲವು ಮಕ್ಕಳು ಥೈಮಸ್ಸೇ ಇಲ್ಲದೆ ಹುಟ್ಟುತ್ತಾರೆ. ಅವರ ಅಸ್ಥಿಮಜ್ಜೆ ಚೆನ್ನಾಗಿದೆ, ಪೂರ್ವಜ ಕೋಶಗಳಿವೆ, ಗ್ರಾಹಕ ಕಟ್ಟುವ ಜೀನ್‌ಗಳೂ ಇವೆ; ಇಲ್ಲದಿರುವುದು ಮುಟ್ಟಲು ಒಂದು ಜಾಗ ಮಾತ್ರ. ಹಾಗೇ ಬಿಟ್ಟರೆ ಸಾಮಾನ್ಯವಾಗಿ ಅವರು ಎರಡು-ಮೂರು ವರ್ಷ ದಾಟುವುದಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗುವ ಬೇರೆ ಹಸುಗೂಸುಗಳಲ್ಲಿ, ಹೃದಯ ಕಾಣಿಸಲೆಂದು ವೈದ್ಯರು ಅಡ್ಡವಿರುವ ಥೈಮಸ್ಸಿನ ಭಾಗವನ್ನು ತೆಗೆಯಬೇಕಾಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಮಾರ್ಕರ್ಟ್ ಮತ್ತು ಸಂಗಡಿಗರು ಆ ಅಂಗಾಂಶವನ್ನು ತೆಳುವಾಗಿ ಹೆಚ್ಚಿ, ಎರಡು-ಮೂರು ವಾರ ಪ್ರಯೋಗಶಾಲೆಯಲ್ಲಿ ಪೋಷಿಸಿ, ಥೈಮಸ್ ಇಲ್ಲದ ಮಗುವಿನ ತೊಡೆಯ ಸ್ನಾಯುವಿನಲ್ಲಿ ಕಸಿ ಮಾಡುವ ವಿಧಾನವನ್ನು ಬೆಳೆಸಿದರು. 2021ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ಇದಕ್ಕೆ ಅನುಮತಿ ಕೊಟ್ಟಿತು. ಕೊಟ್ಟ ಮಗುವಿಗೂ ಪಡೆದ ಮಗುವಿಗೂ ರಕ್ತಸಂಬಂಧ ಇರಬೇಕಿಲ್ಲ. ಆರು ತಿಂಗಳಿಂದ ಒಂದು ವರ್ಷದ ಒಳಗೆ ಆ ಮಗುವಿನ ರಕ್ತದಲ್ಲಿ ಅದರದೇ ಟಿ ಕೋಶಗಳು ಕಾಣಿಸಿಕೊಳ್ಳಲು ಶುರುವಾಗುತ್ತವೆ. ತಾನು ಯಾವುದು ಎಂಬುದನ್ನು ಅವು ಕಲಿತು ಬಂದದ್ದು ತೊಡೆಯೊಳಗಿನ ಆ ಇನ್ನೊಂದು ಕೂಸಿನ ಕೋಶಗಳನ್ನು ಮುಟ್ಟಿ.